‘ಹೆಂಗ’ ಅನ್ನೋದೇ ಇಲ್ಲದ ಅರ್ಜಿ

ಹೋದ ವರ್ಷ ಮುಂಗಾರಿಗೆ ಮೊದಲು ನಾನೊಂದು ಸುದ್ದಿ ಬರೆದಿದ್ದೆ. ‘ಕಳ್ಳರಿಗೆ ಸವಾಲೊಡ್ಡುವ ಬೀಗ: ಗ್ರಾಮೀಣ ಪ್ರತಿಭೆಯ ಸಾಧನೆ’ ಅಂತ ತಲೆಬರಹ. ನಮ್ಮ ಪಕ್ಕದೂರಿನ ವೆಲ್ಡಿಂಗ್ ಅಂಗಡಿಯ ಅಣ್ಣ ತಾನೇ ಮಾಡಿದ ಬೀಗ ಹಿಡಿದು ನಿಂತ ಫೋಟೊ. ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂತು. ಅವತ್ತು ನಮ್ಮ ಹೋಬಳಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಅದೇ ಓಡಾಡಿತು.

ಆ ಸುದ್ದಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಲ್ಲ ಇತ್ತು. ‘ಹೇಗೆ’ ಇರಲಿಲ್ಲ. ಡಿಪ್ಲೊಮಾ ತರಗತಿಯ ಮೊದಲ ವಾರದಲ್ಲೇ ಹೇಳಿಕೊಟ್ಟ ಆರು ಪ್ರಶ್ನೆಗಳಲ್ಲಿ ಆರನೆಯದನ್ನು ನಾನು ಕೇಳಿಯೇ ಇರಲಿಲ್ಲ. ಓದಿದವರು ಯಾರೂ ಅದನ್ನು ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ.

ಎಂಟು ತಿಂಗಳ ಮೇಲೆ, ಸಂಕ್ರಾಂತಿ ಮುಗಿದ ವಾರ, ಅದೇ ಅಣ್ಣ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದದ ಕಟ್ಟು.

“ತಮ್ಮಾ, ಪೇಟೆಂಟ್ ಅರ್ಜಿ ಇದು. ಇಂಗ್ಲಿಷ್‌ನ್ಯಾಗ ಐತಿ. ಏಪ್ರಿಲ್ ಒಳಗ ಇನ್ನೊಂದು ದೊಡ್ಡ ಅರ್ಜಿ ಕೊಡಬೇಕಂತ. ಇದರಾಗ ನನ್ನ ಕೀಲಿ ಬಗ್ಗೆ ಸರಿಯಾಗಿ ಬರದಾರೇನು, ಓದಿ ಹೇಳು.”

ನಮ್ಮ ಕಡೆ ಬೀಗಕ್ಕೆ ಕೀಲಿ ಅಂತೀವಿ, ಅದನ್ನು ತೆಗೆಯೋದಕ್ಕೆ ಕೀಲಿಕೈ. ದಕ್ಷಿಣದ ಓದುಗರಿಗೆ ಗೊಂದಲ ಬೇಡ ಅಂತ ಇಲ್ಲಿ ಬೀಗ, ಕೀಲಿಕೈ ಎಂದೇ ಬರೆಯುತ್ತೇನೆ.

ಬೀಗ ಯಾಕೆ ಬೇಕಾಯಿತು

ಹೊಲದ ಪಂಪ್‌ಸೆಟ್ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟಾರ್ಟರ್ ಪೆಟ್ಟಿಗೆ ಒಡೆದು ತಾಮ್ರದ ಕೇಬಲ್ ಕದಿಯುತ್ತಾರೆ. ಬೀಗ ಹಾಕಿದರೆ ಇನ್ನೊಂದು ಕಾಟ. ಮಳೆ, ಧೂಳು, ಅದಕ್ಕಿಂತ ಹೆಚ್ಚಾಗಿ ಕುಂಬಾರ ಹುಳು. ಕೀಲಿಕೈ ಹಾಕುವ ಬಾಯಲ್ಲಿ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಬ್ಯಾಟರಿ ಹಿಡಿದು ಕಡ್ಡಿಯಿಂದ ಮಣ್ಣು ಕೆರೆಯುತ್ತ ಕೂತವರ ಪೈಕಿ ನಾನೂ ಒಬ್ಬ.

ಅಣ್ಣ ಮಾಡಿದ್ದು ಇಷ್ಟು. ಬೀಗದ ಬಾಯಿ ಕೆಳಮುಖವಾಗಿ ಇರುತ್ತದೆ. ಒಳಗೆ ಒಂದು ಬೇರಿಂಗ್ ಗುಂಡು ತನ್ನ ಭಾರಕ್ಕೆ ತಾನೇ ಬಾಯಿ ಮುಚ್ಚಿ ಕೂತಿರುತ್ತದೆ. ಕೀಲಿಕೈಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಿದರೆ ಗುಂಡು ಎದ್ದು ಪಕ್ಕದ ಗೂಡಿಗೆ ಹೊರಳುತ್ತದೆ. ಕೀಲಿಕೈ ತೆಗೆದರೆ ಮತ್ತೆ ಉರುಳಿ ಬಂದು ಬಾಯಿ ಮುಚ್ಚುತ್ತದೆ. ನೀರು ಒಳಗೆ ನಿಲ್ಲುವುದಿಲ್ಲ, ಹುಳಕ್ಕೆ ಜಾಗವಿಲ್ಲ. ಅದರ ಮೇಲೆ ಮಾಮೂಲಿ ಲಿವರ್ ಬೀಗದ ಕೆಲಸ.

ಇದು ಹೊಸದೋ ಅಲ್ಲವೋ ಅನ್ನೋದು ಬೇರೆಯೇ ಪ್ರಶ್ನೆ. ಅದನ್ನು ಪೇಟೆಂಟ್ ಕಚೇರಿಯ ಪರೀಕ್ಷಕರು ಹಳೆಯ ದಾಖಲೆ ಹುಡುಕಿ ಹೇಳಬೇಕು. ನನ್ನ ಮುಂದಿದ್ದದ್ದು ಅದಕ್ಕಿಂತ ಸಣ್ಣ ಪ್ರಶ್ನೆ: ಈ ಕಾಗದ ಓದಿ ಯಾರಾದರೂ ಈ ಬೀಗ ಮಾಡಬಹುದಾ?

ಹನ್ನೊಂದು ಸಲ ‘ಸೂಕ್ತ’

ಅರ್ಜಿ ಬರೆದವರು ಪಟ್ಟಣದ ಒಬ್ಬ ಮಧ್ಯವರ್ತಿ. ಅಣ್ಣನಿಂದ ಮೂವತ್ತು ಸಾವಿರ ತೆಗೆದುಕೊಂಡಿದ್ದರು. ಒಬ್ಬ ವ್ಯಕ್ತಿ ತನ್ನ ಹೆಸರಲ್ಲಿ ಆನ್‌ಲೈನ್ ಮೂಲಕ ಅರ್ಜಿ ಹಾಕಿದರೆ ಸರ್ಕಾರದ ಆರಂಭಿಕ ಶುಲ್ಕ 1,600 ರೂಪಾಯಿ ಅನ್ನೋದು ಅಣ್ಣನಿಗೆ ಗೊತ್ತಿರಲಿಲ್ಲ.

ಆರು ಪುಟ. ಮೊದಲ ಮೂರು ಪುಟದಲ್ಲಿ ಬೀಗದ ಮಹತ್ವ, ಕಳ್ಳತನದ ಪಿಡುಗು, ರೈತರ ಸಂಕಷ್ಟ. ನನ್ನ ಸುದ್ದಿಯ ಇಂಟ್ರೊ ಥರಾನೇ ಇತ್ತು. ಆಮೇಲೆ ಬೀಗದ ಮಾತು. ಅದರ ಸಾರಾಂಶವನ್ನು ಕನ್ನಡಕ್ಕೆ ತಂದರೆ ಹೀಗೆ: ಸೂಕ್ತ ಕವಚದೊಳಗೆ ಒಂದು ಸೂಕ್ತ ತಡೆ ಇದ್ದು, ಅದು ಕೀಲಿಕೈಯಿಂದ ಸರಿದು, ಸೂಕ್ತ ರೀತಿಯಲ್ಲಿ ಮತ್ತೆ ತನ್ನ ಸ್ಥಾನಕ್ಕೆ ಬರುತ್ತದೆ.

‘ಸೂಕ್ತ’ ಅನ್ನುವ ಪದವನ್ನು ಪೆನ್ಸಿಲ್‌ನಿಂದ ಸುತ್ತುತ್ತ ಹೋದೆ. ಹನ್ನೊಂದು ಸಿಕ್ಕವು. ‘ಗುಂಡು’ ಅನ್ನುವ ಪದ ಒಂದು ಸಲವೂ ಇಲ್ಲ. ಚಿತ್ರ ಒಂದು ಇತ್ತು, ಹೊರಗಿನಿಂದ ಕಾಣುವ ಬೀಗದ್ದು. ಒಳಗೆ ಏನಿದೆ ಅಂತ ಕತ್ತರಿಸಿ ತೋರಿಸಿದ ಚಿತ್ರವಿಲ್ಲ.

“ಅಣ್ಣಾ, ಗುಂಡಿನ ಮಾತೇ ಇಲ್ಲಲ್ಲಾ?”

ಅಣ್ಣ ನಕ್ಕರು. “ನಾನೇ ಬ್ಯಾಡ ಅಂದಿದ್ದೆ. ಗುಟ್ಟು ಬರದು ಕೊಟ್ಟರ ಪೇಟೆಂಟ್ ಯಾಕ ಬೇಕು?”

ಈ ಮಾತಿಗೆ ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಕೂತು ಕಾಯ್ದೆ ಓದಿದೆ.

ಕೊಟ್ಟು ತಗೊಳ್ಳುವ ವ್ಯವಹಾರ

ಪೇಟೆಂಟ್ ಅಂದರೆ ಬಹುಮಾನ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಾನೂ ಹಾಗೇ ಬರೆದಿದ್ದೆ. ಅದು ಬಹುಮಾನವಲ್ಲ, ವ್ಯವಹಾರ. ನೀನು ಕಂಡುಹಿಡಿದದ್ದನ್ನು ಲೋಕಕ್ಕೆ ಪೂರ್ತಿ ಬಿಡಿಸಿ ಹೇಳು; ಅದಕ್ಕೆ ಬದಲಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆ ಯಾರೂ ನಿನ್ನ ಒಪ್ಪಿಗೆ ಇಲ್ಲದೆ ಅದನ್ನು ಮಾಡಿ ಮಾರದಂತೆ ತಡೆಯುವ ಹಕ್ಕು ಕೊಡುತ್ತೇವೆ. 20 ವರ್ಷ ಆದ ಮೇಲೆ ಅದು ಎಲ್ಲರದು.

ಹೇಳುವುದು ಎಷ್ಟು? ನಮ್ಮ 1970ರ ಪೇಟೆಂಟ್ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಪೂರ್ಣ ವಿವರಣೆಯಲ್ಲಿ ವಸ್ತು ಏನು, ಹೇಗೆ ಕೆಲಸ ಮಾಡುತ್ತದೆ, ಅದನ್ನು ಮಾಡುವ ವಿಧಾನ ಯಾವುದು ಅನ್ನುವುದೆಲ್ಲ ಇರಬೇಕು. ಅಷ್ಟೇ ಅಲ್ಲ, ಅರ್ಜಿದಾರನಿಗೆ ಗೊತ್ತಿರುವ ವಿಧಾನಗಳಲ್ಲಿ ಅತ್ಯುತ್ತಮವಾದದ್ದನ್ನೇ ಹೇಳಬೇಕು. ಒಳ್ಳೆಯದನ್ನು ಮನೆಯಲ್ಲಿಟ್ಟುಕೊಂಡು ಎರಡನೇ ದರ್ಜೆಯದನ್ನು ಬರೆದುಕೊಡುವಂತಿಲ್ಲ.

ಅಳತೆಗೋಲು 64ನೇ ಸೆಕ್ಷನ್‌ನಲ್ಲಿದೆ. ಆ ಕಸುಬಿನಲ್ಲಿ ಸರಾಸರಿ ಕೈಚಳಕ, ಸರಾಸರಿ ತಿಳಿವಳಿಕೆ ಇರುವ ಭಾರತದ ಒಬ್ಬ ವ್ಯಕ್ತಿ, ಆ ವಿವರಣೆಯೊಂದರಿಂದಲೇ ವಸ್ತುವನ್ನು ಮಾಡಲು ಆಗಬೇಕು. ಆಗದಿದ್ದರೆ ಸಿಕ್ಕ ಪೇಟೆಂಟನ್ನೂ ರದ್ದು ಮಾಡಬಹುದು. ಸಿಗುವ ಮೊದಲೇ ಯಾರು ಬೇಕಾದರೂ ಇದೇ ಕಾರಣ ಹೇಳಿ ಆಕ್ಷೇಪಣೆ ಹಾಕಬಹುದು, ಅದಕ್ಕೆ 25ನೇ ಸೆಕ್ಷನ್ ಇದೆ.

ಈ ಮಾತು ನಿನ್ನೆ ಮೊನ್ನೆಯದಲ್ಲ. 1778ರಲ್ಲಿ ಇಂಗ್ಲೆಂಡಿನಲ್ಲಿ ಗೋಡೆಗೆ ಬಳಿಯುವ ಗಾರೆಯ ಪೇಟೆಂಟ್ ಬಗ್ಗೆ ವ್ಯಾಜ್ಯ ಬಂದಾಗ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಇದನ್ನೇ ಹೇಳಿದ್ದರು: ವಿವರಣೆ ಓದಿ ಬೇರೆಯವರು ಅದನ್ನು ಮಾಡುವಂತಿರಬೇಕು.

ಅಲ್ಲಿ ಬೀಗದವನೇ ಒಬ್ಬ ಈ ಜಗಳಕ್ಕೆ ಇಳಿದಿದ್ದ. ಜೋಸೆಫ್ ಬ್ರಾಮಾ ಅಂತ, ರೈತನ ಮಗ. ಕಾಲಿಗೆ ಪೆಟ್ಟಾಗಿ ಹೊಲದ ಕೆಲಸ ಬಿಟ್ಟು ಬಡಗಿಯಾದವನು. 1784ರಲ್ಲಿ ಹೊಸ ಥರದ ಬೀಗಕ್ಕೆ ಪೇಟೆಂಟ್ ಪಡೆದ. 1797ರಲ್ಲಿ ಅವನು ಒಬ್ಬ ಮುಖ್ಯ ನ್ಯಾಯಮೂರ್ತಿಗೆ ಉದ್ದನೆಯ ಪತ್ರ ಬರೆದು, ಉಗಿಯಂತ್ರದ ಜೇಮ್ಸ್ ವಾಟ್‌ನ ಪೇಟೆಂಟ್ ವಿವರಣೆ ಓದಿ ಯಾರೂ ಯಂತ್ರ ಮಾಡಲಾರರು ಅಂತ ವಾದಿಸಿದ. ವಾಟ್ 1769ರಲ್ಲಿ ಕೊಟ್ಟ ವಿವರಣೆಯಲ್ಲಿ ಒಂದು ಚಿತ್ರವೂ ಇರಲಿಲ್ಲ. ಕೊನೆಗೆ 1799ರಲ್ಲಿ ವಾಟ್ ಕಡೆಯವರೇ ಗೆದ್ದರು. ಆದರೆ ಬ್ರಾಮಾ ಎತ್ತಿದ ಪ್ರಶ್ನೆ ಸೋಲಲಿಲ್ಲ. ಇವತ್ತು ನಮ್ಮ ಕಾಯ್ದೆಯಲ್ಲಿ ಕೂತಿರುವುದು ಅದೇ ಪ್ರಶ್ನೆ.

ಚಾಚಾನ ಏಳು ಪ್ರಶ್ನೆ

ಕಾಯ್ದೆ ಹೇಳುವ ‘ಸರಾಸರಿ ಕೈಚಳಕದ ವ್ಯಕ್ತಿ’ ನಮ್ಮ ತಾಲ್ಲೂಕಿನಲ್ಲಿ ಯಾರು? ನನಗೆ ತಕ್ಷಣ ನೆನಪಾದದ್ದು ಬಸ್‌ಸ್ಟ್ಯಾಂಡ್ ಎದುರಿನ ಕೀಲಿಕೈ ಮಾಡುವ ಚಾಚಾ. ನಲವತ್ತು ವರ್ಷದಿಂದ ಅದೇ ಮರದ ಪೆಟ್ಟಿಗೆ, ಅದೇ ಅರ. ನಿಜ ಹೇಳಬೇಕೆಂದರೆ ಅವರು ಸರಾಸರಿಗಿಂತ ಮೇಲು. ಅವರಿಗೇ ಆಗದಿದ್ದರೆ ಇನ್ನಾರಿಗೂ ಆಗದು.

ಅಣ್ಣನಿಗೆ ಕೇಳಿದೆ. ಎರಡು ದಿನ ಯೋಚಿಸಿ ಒಪ್ಪಿದರು. ಚಾಚಾ ಯಾರಿಗೂ ಹೇಳುವುದಿಲ್ಲ ಅಂತ ಒಂದು ಹಾಳೆಯ ಮೇಲೆ ಸಹಿ ಹಾಕಿಕೊಟ್ಟರು. ಅರ್ಜಿ ಸಲ್ಲಿಸುವ ಮೊದಲು ಊರಿಗೆಲ್ಲ ತೋರಿಸಿದರೆ ಹೊಸತನವೇ ಹೋಗುತ್ತದೆ, ಅದಕ್ಕೆ ಈ ಎಚ್ಚರ.

ಅರ್ಜಿಯ ಬೀಗದ ಭಾಗವನ್ನು ಒಂದೂ ಪದ ಸೇರಿಸದೆ ಕನ್ನಡ ಮಾಡಿ ಕೊಟ್ಟೆ. ಚಾಚಾ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

“ತಮ್ಮಾ, ಇದು ಕೀಲಿ ವರ್ಣನೆ. ಕೀಲಿ ಮಾಡೋ ಮಾತಲ್ಲ.”

ಆಮೇಲೆ ಒಂದೊಂದೇ ಕೇಳಿದರು. ತಡೆ ಅಂದರೆ ಏನು, ಪಟ್ಟಿಯಾ, ಗುಂಡಾ, ಮುಚ್ಚಳವಾ? ಯಾವ ಲೋಹ? ಸರಿದದ್ದು ಎಲ್ಲಿಗೆ ಹೋಗುತ್ತದೆ? ವಾಪಸ್ ಬರೋದು ಸ್ಪ್ರಿಂಗಿನಿಂದಲಾ, ಭಾರದಿಂದಲಾ? ಬಾಯಿ ಎಷ್ಟು ಅಗಲ? ಲಿವರ್ ಎಷ್ಟು? ಕೊನೆಯದು: ಒಂದು ಬೀಗದ ಲಿವರ್ ಕೊರೆತಕ್ಕೂ ಇನ್ನೊಂದು ಬೀಗದ ಕೊರೆತಕ್ಕೂ ವ್ಯತ್ಯಾಸ ಮಾಡೋದು ಹೆಂಗ?

ಏಳನ್ನೂ ಬರೆದುಕೊಂಡು ಅಣ್ಣನ ಅಂಗಡಿಗೆ ಹೋದೆ. ಆರಕ್ಕೆ ಅಣ್ಣ ಪಟಪಟ ಉತ್ತರ ಹೇಳಿದರು. ಉಕ್ಕಿನ ಗುಂಡು, 14 ಮಿ.ಮೀ. ಬಾಯಿ 12 ಮಿ.ಮೀ. ಲಿವರ್ ಮೂರು. ಏಳನೆಯದಕ್ಕೆ ಸುಮ್ಮನಾದರು. ವೆಲ್ಡಿಂಗ್ ರಾಡ್ ಕೆಳಗಿಟ್ಟರು.

“ಎಲ್ಲಾನೂ ಒಂದೇ ಥರ ಕೊರದೀನಿ ತಮ್ಮಾ. ಅಚ್ಚು ಒಂದೇ ಐತಿ ನನ್ನ ಹತ್ರ.”

ಅಂದರೆ ಅವರು ಅಲ್ಲಿಯವರೆಗೆ ಮಾಡಿದ್ದ ಆರು ಬೀಗಗಳನ್ನೂ ಒಂದೇ ಕೀಲಿಕೈಯಿಂದ ತೆಗೆಯಬಹುದಿತ್ತು. ಅವರು ಇಷ್ಟು ದಿನ ಕಾಯುತ್ತಿದ್ದ ಗುಟ್ಟು ಗುಂಡಿನದಲ್ಲ, ಇದು. ‘ಕಳ್ಳರಿಗೆ ಸವಾಲೊಡ್ಡುವ ಬೀಗ’ ಅಂತ ನಾನು ಊರಿಗೆಲ್ಲ ಸಾರಿದ್ದೆ. ಕೆನ್ನೆಗೆ ಹೊಡೆದಂತಾಯಿತು. ಅವತ್ತೇ ‘ಹೇಗೆ’ ಅಂತ ಕೇಳಿದ್ದರೆ ಇದು ಅವತ್ತೇ ಹೊರಬರುತ್ತಿತ್ತು.

ಹೇಳಿದರೂ ತೆರೆಯದ ಬೀಗ

ಲಿವರ್ ಬೀಗ ಕೆಲಸ ಮಾಡುವುದು ಹೀಗೆ. ಒಳಗೆ ತೆಳು ಪಟ್ಟಿಗಳಿರುತ್ತವೆ, ಅವೇ ಲಿವರ್. ಸ್ಪ್ರಿಂಗ್ ಅವನ್ನು ಕೆಳಗೆ ಒತ್ತಿರುತ್ತದೆ. ಪ್ರತಿ ಲಿವರ್‌ನಲ್ಲಿ ಒಂದು ಕಿಂಡಿ. ಕೀಲಿಕೈಯ ಹಲ್ಲು ಪ್ರತಿ ಲಿವರನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಎಲ್ಲ ಕಿಂಡಿಗಳೂ ಒಂದೇ ಸಾಲಿಗೆ ಬಂದು ಅಗುಳಿಯ ಗೂಟ ಹಾದುಹೋಗುತ್ತದೆ. ಕಡಿಮೆ ಎತ್ತಿದರೂ ಇಲ್ಲ, ಹೆಚ್ಚು ಎತ್ತಿದರೂ ಇಲ್ಲ. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಪಡೆದ ಉಪಾಯ ಇದು.

ಇದರಲ್ಲಿ ಗುಟ್ಟು ಎಲ್ಲಿದೆ ನೋಡಿ. ಲಿವರ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಇಲ್ಲ. ನಿಮ್ಮ ಬೀಗದ ಲಿವರ್ ಎಷ್ಟು ಎತ್ತರಕ್ಕೆ ಏಳಬೇಕು ಅನ್ನುವುದರಲ್ಲಿದೆ. ಮೂರು ಲಿವರ್, ಒಂದೊಂದಕ್ಕೆ ನಾಲ್ಕು ಎತ್ತರ ಇಟ್ಟರೆ 64 ಬೇರೆ ಬೇರೆ ಕೀಲಿಕೈ. ಐದು ಲಿವರ್ ಮಾಡಿದರೆ 1,024.

ನಮ್ಮ ಮನೆ ಬಾಗಿಲಿಗೆ ಹಾಕುವ, ಚಪ್ಪಟೆ ಹಲ್ಲಿನ ಕೀಲಿಕೈಯ ಬೀಗ ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861 ಮತ್ತು 1865ರಲ್ಲಿ ಪಡೆದ ಪೇಟೆಂಟ್‌ಗಳಿಂದ ಬಂದದ್ದು. ಒಳಗಿನ ಸಣ್ಣ ಪಿನ್ನುಗಳು, ಅವನ್ನು ಒತ್ತುವ ಸ್ಪ್ರಿಂಗು, ತಿರುಗುವ ಉರುಳೆ ಎಲ್ಲವನ್ನೂ ಚಿತ್ರ ಬರೆದು ವಿವರಿಸಿದ. ಆ ವಿವರಣೆ ಇವತ್ತು ಯಾರು ಬೇಕಾದರೂ ಫೋನಿನಲ್ಲೇ ಓದಬಹುದು. ನೂರೈವತ್ತು ವರ್ಷದ ಮೇಲೂ ಲೋಕ ಅದೇ ಜಾತಿಯ ಬೀಗ ಹಾಕಿಕೊಂಡು ಮಲಗುತ್ತಿದೆ. ಯಾಕೆಂದರೆ ಪೇಟೆಂಟ್ ಓದಿದವನಿಗೆ ಬೀಗ ಮಾಡುವುದು ಗೊತ್ತಾಗುತ್ತದೆ, ನಿಮ್ಮ ಮನೆಯ ಕೀಲಿಕೈ ಸಿಗುವುದಿಲ್ಲ.

ಮುಚ್ಚಿಟ್ಟರೆ ಭದ್ರ ಅನ್ನುವ ನಂಬಿಕೆ ಹಳೆಯದು. ಬ್ರಾಮಾ ಕಂಪನಿ ತನ್ನ ಬೀಗ ತೆರೆದವರಿಗೆ 200 ಗಿನಿ ಕೊಡುವುದಾಗಿ ಲಂಡನ್ನಿನ ಅಂಗಡಿಯ ಕಿಟಕಿಯಲ್ಲಿ ಫಲಕ ಇಟ್ಟಿತ್ತು. 1851ರಲ್ಲಿ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಅದನ್ನು ತೆರೆದೇಬಿಟ್ಟ. 16 ದಿನಗಳಲ್ಲಿ ಹಂಚಿ ಒಟ್ಟು 51 ಗಂಟೆ ಹಿಡಿಯಿತು. ಇಂಥದ್ದನ್ನೆಲ್ಲ ಬಹಿರಂಗ ಮಾಡಿದರೆ ಕಳ್ಳರಿಗೆ ಪಾಠ ಹೇಳಿದಂತೆ ಅಂತ ಗದ್ದಲವಾಯಿತು. ಎರಡು ವರ್ಷದ ನಂತರ ಬಂದ ಹಾಬ್ಸ್‌ನ ಪುಸ್ತಕದ ವಾದ ಉಲ್ಟಾ ಇತ್ತು: ಕಳ್ಳರಿಗೆ ಅದು ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ಬೀಗ ಕೊಳ್ಳುವ ನಮಗೆ.

ಇದನ್ನೆಲ್ಲ ಅಣ್ಣನಿಗೆ ನನ್ನ ಮಾತಿನಲ್ಲಿ ಹೇಳಿದೆ. “ಅಣ್ಣಾ, ನೀವು ಬೀಗ ಮಾರಿದ ದಿನವೇ ಯಾರಾದರೂ ಒಂದು ಕೊಂಡು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ನೋಡಬಹುದು. ಗುಂಡು ಅಡಗಿಸಿಡೋಕೆ ಆಗಲ್ಲ. ಅರ್ಜಿಯಲ್ಲಿ ಅಡಗಿಸಿದರೆ ಗುಟ್ಟೂ ಉಳಿಯಲ್ಲ, ಹಕ್ಕೂ ಸಿಗಲ್ಲ.”

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬರಿಯೋಣ ಹಂಗಾರ” ಅಂದರು.

ಬಾಯಿಂದ ಹೇಳಬ್ಯಾಡ್ರಿ, ಬರೀರಿ

ಸಮಯ ಹೆಚ್ಚಿರಲಿಲ್ಲ. ಮೊದಲು ಸಲ್ಲಿಸಿದ್ದು ತಾತ್ಕಾಲಿಕ ವಿವರಣೆ. ಅದಾದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಪೂರ್ಣ ವಿವರಣೆ ಕೊಟ್ಟ ಮೇಲೆ ಬಿಟ್ಟುಹೋದ ಹೊಸ ಸಂಗತಿಯನ್ನು ತಿದ್ದುಪಡಿ ಅಂತ ತುರುಕಲು ಬರುವುದಿಲ್ಲ. ಆ ಬಾಗಿಲು ಒಂದೇ ಸಲ ತೆರೆಯುವುದು.

ಇನ್ನೊಂದು ಹೆದರಿಕೆಯೂ ಇತ್ತು. ತಾತ್ಕಾಲಿಕ ವಿವರಣೆಯಲ್ಲಿ ಗುಂಡಿನ ಮಾತಿಲ್ಲವಾದ್ದರಿಂದ ಗುಂಡಿನ ಮೇಲಿನ ಹಕ್ಕಿಗೆ ಹಳೆಯ ತಾರೀಕು ಸಿಗುವುದಿಲ್ಲ. ನಡುವೆ ನನ್ನ ಸುದ್ದಿ ಅಚ್ಚಾಗಿತ್ತು. ಅದರಲ್ಲಿ ಗುಂಡಿನ ವಿಷಯ ಬರೆದುಬಿಟ್ಟಿದ್ದರೆ ನಾನೇ ಅವರ ಹೊಸತನ ಕೆಡಿಸಿದಂತಾಗುತ್ತಿತ್ತು. ಪತ್ರಿಕೆ ಹುಡುಕಿ ತೆಗೆದು ನಾಲ್ಕು ಸಲ ಓದಿದೆ. ಫೋಟೊದಲ್ಲಿ ಬೀಗ ಮುಚ್ಚಿತ್ತು. ಬರಹದಲ್ಲಿ ಬೀಗದ ಒಳಗಿನ ಒಂದು ವಿವರವೂ ಇರಲಿಲ್ಲ. ನನ್ನ ಸೋಮಾರಿತನ ಅಣ್ಣನನ್ನು ಉಳಿಸಿತ್ತು. ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ಫೆಬ್ರುವರಿಯ ಭಾನುವಾರಗಳೆಲ್ಲ ಅಣ್ಣನ ಅಂಗಡಿಯಲ್ಲೇ ಕಳೆದವು. ಅಣ್ಣ ಹೇಳುವುದು, ನಾನು ಬರೆಯುವುದು. ಬೀಗವನ್ನು ನಡುವೆ ಸೀಳಿದಂತೆ ನಾಲ್ಕು ಚಿತ್ರ, ಪ್ರತಿ ಭಾಗಕ್ಕೂ ಒಂದು ಸಂಖ್ಯೆ. ಐದು ಲಿವರ್, ಕೊರೆತಕ್ಕೆ ನಾಲ್ಕು ಎತ್ತರ, ಯಾವ ಬೀಗಕ್ಕೆ ಯಾವ ಸಾಲು ಅಂತ ಒಂದು ಕೋಷ್ಟಕ.

ಬರೆದದ್ದನ್ನು ಚಾಚಾಗೆ ಕೊಟ್ಟೆವು. ಬೀಗ ತೋರಿಸಲಿಲ್ಲ. ಮೂರು ದಿನಕ್ಕೆ ಚಾಚಾ ಒಂದು ಮಾಡಿ ತಂದರು. ಕೀಲಿಕೈ ಹಾಕಿ ತೆಗೆದರೆ ಗುಂಡು ಗೂಡಿನಲ್ಲೇ ಉಳಿಯಿತು, ಬಾಯಿಗೆ ಬರಲಿಲ್ಲ.

ಅಣ್ಣ ನೋಡಿದ ಕೂಡಲೇ, “ಚಾಚಾ, ಗೂಡಿನ ಇಳಿಜಾರು ಸಾಲದು. ಇನ್ನೊಂದೀಟು...” ಅಂತ ಶುರು ಮಾಡಿದರು.

ಚಾಚಾ ಕೈ ಅಡ್ಡ ಹಿಡಿದರು. “ಬಾಯಿಂದ ಹೇಳಬ್ಯಾಡ್ರಿ, ಬರೀರಿ. ಚೆನ್ನೈನ್ಯಾಗ ಅರ್ಜಿ ಓದೋರ ಪಕ್ಕ ನೀವು ಕುಂತಿರ್ತೀರೇನು?”

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ ಅಂತ ನಾನೇ ಅವರಿಗೆ ಹೇಳಿದ್ದೆ. ‘ವಿವರಣೆಯೊಂದರಿಂದಲೇ’ ಅಂತ ಕಾಯ್ದೆ ಹೇಳುವುದರ ಅರ್ಥವನ್ನು ಇಷ್ಟು ಸಲೀಸಾಗಿ ನನಗೆ ಯಾರೂ ಹೇಳಿರಲಿಲ್ಲ.

ಕೂತು ಅಳೆದೆವು. ಇಳಿಜಾರು ಕಡಿಮೆಯಾದರೆ ಗುಂಡು ವಾಪಸ್ ಬರುವುದಿಲ್ಲ. ಹೆಚ್ಚಾದರೆ ಪಕ್ಕಕ್ಕೆ ಹೊರಳದೆ ಕೀಲಿಕೈಯ ತುದಿಗೇ ಸಿಕ್ಕಿಕೊಳ್ಳುತ್ತದೆ. ಅಣ್ಣನ ಕೈಗೆ ಅದು ರೂಢಿಯಿಂದ ಗೊತ್ತು, ಸಂಖ್ಯೆಯಲ್ಲಿ ಗೊತ್ತಿರಲಿಲ್ಲ. ತಮಗೇ ಗೊತ್ತಿಲ್ಲದೆ ಅವರು ಬಚ್ಚಿಟ್ಟಿದ್ದ ಗುಟ್ಟು ಅದು. ಆರೇಳು ತುಂಡು ಬೇರೆ ಬೇರೆ ಇಳಿಜಾರಿಗೆ ಮಾಡಿ, ಧೂಳು ಹಾಕಿ, ನೀರು ಹಾಕಿ ನೋಡಿದೆವು. ಎಷ್ಟರಿಂದ ಎಷ್ಟರವರೆಗೆ ನಡೆಯುತ್ತದೆ, ಯಾವುದು ಎಲ್ಲಕ್ಕಿಂತ ಚೆನ್ನ ಅನ್ನುವುದು ಸಿಕ್ಕಿತು. ಬರೆದೆವು.

ಚಾಚಾ ಎರಡನೇ ಬೀಗವನ್ನು ಎರಡು ದಿನದಲ್ಲಿ ಮಾಡಿದರು. ಗುಂಡು ಟಕ್ ಅಂತ ಬಂದು ಬಾಯಿ ಮುಚ್ಚಿತು. ಅಣ್ಣ ತನ್ನ ಬೀಗದ ಕೀಲಿಕೈ ತೆಗೆದು ಚಾಚಾನ ಬೀಗಕ್ಕೆ ಹಾಕಿ ತಿರುಗಿಸಿದರು. ತಿರುಗಲಿಲ್ಲ. ಇನ್ನೊಮ್ಮೆ ಹಾಕಿದರು. ತಿರುಗಲಿಲ್ಲ. ತಾನೇ ಕಂಡುಹಿಡಿದ ಬೀಗ ತನ್ನ ಕೈಯಲ್ಲೇ ತೆರೆಯದಿದ್ದಾಗ ಅಣ್ಣನ ಮುಖದಲ್ಲಿ ಬಂದ ನಗು ನನ್ನ ಮೂರು ಕಾಲಂ ಫೋಟೊದಲ್ಲಿ ಇರಲಿಲ್ಲ.

ಈಗ

ಪೂರ್ಣ ವಿವರಣೆ ಗಡುವಿಗೆ ಒಂಬತ್ತು ದಿನ ಮೊದಲು ಹೋಯಿತು. ಇಂಗ್ಲಿಷ್ ಮಾಡಿ ಕಾನೂನಿನ ಭಾಷೆಗೆ ತರಲು ಬೇರೊಬ್ಬ ನೋಂದಾಯಿತ ಏಜೆಂಟರ ನೆರವು ಪಡೆದೆವು. ಪೇಟೆಂಟ್ ಸಿಗುತ್ತದೋ ಇಲ್ಲವೋ ಈಗಲೇ ಹೇಳಲಾಗದು. ಪರೀಕ್ಷೆ ಬಾಕಿ ಇದೆ. ಇಂಥ ಗುಂಡನ್ನು ಜಗತ್ತಿನಲ್ಲಿ ಬೇರೆ ಯಾರೋ ಮೊದಲೇ ಹಾಕಿದ್ದರೆ ಸಿಗದೇ ಹೋಗಬಹುದು. ಆದರೆ ‘ಹೆಂಗ’ ಅಂತ ಬರೆದಿಲ್ಲ ಅನ್ನುವ ಕಾರಣಕ್ಕೆ ಬೀಳುವುದಿಲ್ಲ ಅನ್ನುವ ಧೈರ್ಯ ನಮಗಿದೆ. ಅಣ್ಣನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಹಳೆಯ ಆರು ಬೀಗಗಳನ್ನು ಅವರು ವಾಪಸ್ ತರಿಸಿ ಲಿವರ್ ಬದಲಿಸಿ ಕೊಟ್ಟಿದ್ದಾರೆ.

ನಿಮ್ಮೂರಲ್ಲೂ ಬಿತ್ತುವ ಕೂರಿಗೆಯನ್ನೋ, ಕಳೆ ತೆಗೆಯುವ ಯಂತ್ರವನ್ನೋ ತಾವೇ ಮಾಡಿದವರು ಇರುತ್ತಾರೆ. ಅವರು ಅರ್ಜಿ ಹಾಕುವುದಿದ್ದರೆ ಒಂದೇ ಮಾತು ಹೇಳಿ. ಕಾಗದವನ್ನು ಅದೇ ಕಸುಬಿನ ನಂಬಿಗಸ್ಥರೊಬ್ಬರಿಗೆ ಕೊಟ್ಟು, ಬಾಯಿ ಮುಚ್ಚಿ ಕೂತು, ಅವರು ಮಾಡುವುದನ್ನು ನೋಡಲಿ. ಅವರು ಎಲ್ಲಿ ಕೈ ನಿಲ್ಲಿಸುತ್ತಾರೋ ಅಲ್ಲಿ ಅರ್ಜಿ ಅರ್ಧಕ್ಕೆ ನಿಂತಿದೆ ಅಂತ ಅರ್ಥ.

ನಾನು ಪತ್ರಿಕೆಗೆ ಎರಡನೇ ಸುದ್ದಿಯನ್ನೂ ಕಳಿಸಿದ್ದೆ. ಈ ಸಲ ಆರೂ ಪ್ರಶ್ನೆಗೆ ಉತ್ತರ ಇತ್ತು. ಬೆಳಿಗ್ಗೆ ಪತ್ರಿಕೆ ತೆಗೆದು ನೋಡಿದರೆ ‘ಹೇಗೆ’ ಇದ್ದ ಎರಡು ಪ್ಯಾರಾ ಇರಲಿಲ್ಲ. ಡೆಸ್ಕಿಗೆ ಫೋನ್ ಮಾಡಿದೆ. ಜಾಗ ಸಾಲಲಿಲ್ಲ ಅಂದರು.

ಅದಕ್ಕೇ ಇಲ್ಲಿ ಬರೆದೆ.